ಮೀನಿನ ಬೆಡಗಿನವರು

ಜಗಳೂರು
೧೪ ಜೂನ್ ೨೦೨೪

ಮಿತ್ರಾ,

ಇತ್ತ ನಾವೆಲ್ಲ ಕ್ಷೇಮ ಅಂತ ಬರೆದು ಶುರು ಮಾಡಬೇಕಂತೆ. ಬರೆಯಲ್ಲ. ನಿಮ್ಮಪ್ಪ ಭೀಮೇಶ ತಟ್ಟೆ ಮುಂದೆ ಕೂತು ಅನ್ನ ಕಲಸ್ತಾನೆ, ತಿನ್ನಲ್ಲ. ನಿಮ್ಮವ್ವ ಪುಷ್ಪಾವತಿ ಒಲೆ ಮುಂದೆ ಅಳ್ತಾಳೆ, ಕೇಳಿದ್ರೆ ಈರುಳ್ಳಿ ಅಂತಾಳೆ. ಈರುಳ್ಳಿ ನೋಡಿದ್ರೆ ಇನ್ನೂ ಬುಟ್ಟಿಯಾಗೇ ಇರ್ತವೆ. ಇದಕ್ಕೇ ಕ್ಷೇಮ ಅನ್ನೋದಾದ್ರೆ ನಾವು ಕ್ಷೇಮ.

ಫೋನ್ ಮಾಡೋದು ಬಿಟ್ಟು ಮುದುಕಿ ಕಾಗದ ಯಾಕೆ ಬರೀತಾಳೆ ಅಂದ್ಕೊಂತೀಯ. ಫೋನಲ್ಲಿ ಬೈದ್ರೆ ನೀನು ಕಟ್ ಮಾಡ್ತೀ. ಕಾಗದ ಕಟ್ ಮಾಡಾಕೆ ಆಗಲ್ಲ. ಸಾಸ್ವೆಹಳ್ಳಿ ಶಾಲೆಯಾಗೆ ನಾಲ್ಕನೇ ಕ್ಲಾಸಿಗೇ ಬಿಡಿಸಿದ್ರು ನನ್ನ. ಒತ್ತು ದೀರ್ಘ ತಪ್ಪಿದ್ರೆ ನೀನೇ ತಿದ್ಕೊ, ಅಷ್ಟು ಓದಿದೀಯಲ್ಲ.

ವಿಷಯಕ್ಕೆ ಬರ್ತೀನಿ. ನ್ಯಾಮತಿ ಓಂಕಾರನ್ನ ಮದುವೆ ಆಗ್ತೀನಿ ಅಂತ ಅಪ್ಪನಿಗೆ ಫೋನ್ ಮಾಡಿ ಹೇಳಿದೆಯಂತೆ. ಹುಡುಗ ದನದ ಆಸ್ಪತ್ರೆಯಾಗೆ ಕೆಲಸಕ್ಕೆ ಅದಾನೆ, ಕುಡಿಯಲ್ಲ, ನಮ್ಮ ಜನನೇ. ಎಲ್ಲ ಸರಿ. ಅವನ ಬೆಡಗು ಯಾವುದು ಅಂತ ಕೇಳಿದ್ಯಾ? ಮೀನು. ನಮ್ಮದು ಯಾವುದು? ಮೀನು. ಒಂದು ಬೆಡಗು ಅಂದ್ರೆ ಒಬ್ಬ ಮೂಲಪುರುಷನ ಮಕ್ಕಳು. ಅಣ್ಣ ತಂಗಿ. ಅಣ್ಣ ತಂಗಿಗೆ ಬಾಸಿಂಗ ಕಟ್ಟಿದ್ದು ಯಾವ ಊರಾಗೆ ಕಂಡಿದೀಯ?

ನಾನು ಹೊಳೆದಂಡೆಯೋಳು, ಮೀನು ತಿಂದೇ ಬೆಳೆದೋಳು. ಈ ಮನೆಗೆ ಕಾಲಿಟ್ಟ ದಿನ ನಮ್ಮತ್ತೆ, "ಇನ್ಮೇಲೆ ಮೀನು ಅಂದ್ರೆ ನಿನ್ನ ಗಂಡನ ಅಣ್ಣತಮ್ಮ, ಮುಟ್ಟಂಗಿಲ್ಲ" ಅಂದ್ಳು. ಆವತ್ತಿಂದ ಬಾಯಿ ಕಟ್ಟಿದೀನಿ. ನೀನು ಕಾರವಾರದಾಗೆ ಕೂತು ಅದೇ ಅಣ್ಣತಮ್ಮಂದಿರ ಹೊಟ್ಟೆ ಸೀಳಿ ನೋಡ್ತೀಯ. ಓದಿಗೆ ಅಂತ ಅದನ್ನೂ ನುಂಗಿದ್ದೆ. ಇದನ್ನ ನುಂಗಾಕೆ ಆಗಲ್ಲ.

ನಿಮ್ಮಪ್ಪಂದು ಕೇಳು. ಮನೆಯಾಗಿನ ದೇವರ ಫೋಟೋ ಎಲ್ಲ ಇಳಿಸಿ ಬುದ್ಧನ್ನ ಕೂರಿಸಿದೋನು, ಹೈಸ್ಕೂಲಿನಾಗೆ ವಿಜ್ಞಾನ ಹೇಳೋನು, ನಿನಗೆ ಸಂಘಮಿತ್ರಾ ಅಂತ ಹೆಸರಿಟ್ಟೋನು. ದೇವರು ಬಿಟ್ಟ, ಹರಕೆ ಬಿಟ್ಟ. ಬೆಡಗು ಅಂದ ತಕ್ಷಣ ಕಲ್ಲಾಗಿ ಕೂತ. "ಆ ಹುಡುಗನ್ನ ಮಾಡ್ಕೊಂಡ್ರೆ ಅವಳು ನನ್ನ ಮಗಳೇ ಅಲ್ಲ" ಅಂದ. ಒಂದ್ಸಲ ಅಲ್ಲ, ಬೆಳಿಗ್ಗೆ ಹಲ್ಲುಜ್ಜುವಾಗಲೂ ಅದನ್ನೇ ಅಂತಾನೆ.

ಈ ವಿಷಯದಾಗೆ ನಾನು ಅವನ ಕಡೆನೇ. ಹುಡುಗನ್ನ ಬಿಡು. ಅಪ್ಪನ್ನ ಬಿಡೋದು ಅಷ್ಟು ಸಸಾರ ಅಲ್ಲ.

ಬೈಯೋದು ಇನ್ನೂ ಮುಗಿಸದಿರೋ,
ನಿಮ್ಮಜ್ಜಿ ತಿಪ್ಪಮ್ಮ


ಕಾರವಾರ
೨೭ ಜೂನ್ ೨೦೨೪

ಅಜ್ಜಿ,

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಅಪ್ಪನ ಮಾತು ಬಂದಲ್ಲಿ ನಗು ನಿಂತಿತು. ಅವರು ನನ್ನ ಫೋನ್ ಎತ್ತುತ್ತಿಲ್ಲ. ಹಾಗಾಗಿ ನಿನಗೇ ಬರೆಯುತ್ತೇನೆ, ಅವರಿಗೂ ಓದಿ ಹೇಳು.

ನಾನು ಓದುತ್ತಿರುವುದು ಊದುಮೀನು ಅನ್ನೋ ಒಂದು ದೊಡ್ಡ ಬಳಗದ ಬಗ್ಗೆ. ಬೆದರಿದರೆ ನೀರು ಕುಡಿದು ಚೆಂಡಿನ ಹಾಗೆ ಊದಿಕೊಳ್ಳುತ್ತದೆ. ಇವುಗಳಲ್ಲಿ ಇನ್ನೂರರ ಹತ್ತಿರ ಜಾತಿಗಳಿವೆ. ಎಲ್ಲದರ ಮೂಲ ಸಮುದ್ರ. ಬಹಳ ಹಿಂದೆ ಕೆಲವು ಗುಂಪುಗಳು ಹೊಳೆಗೆ ಹತ್ತಿದವು. ಆಫ್ರಿಕಾದಲ್ಲಿ ಹತ್ತಿದ್ದು ಬೇರೆ, ಅಮೆರಿಕದಲ್ಲಿ ಹತ್ತಿದ್ದು ಬೇರೆ, ನಮ್ಮ ಏಷ್ಯಾದಲ್ಲಿ ಹತ್ತಿದ್ದು ಬೇರೆ. ಹತ್ತಿದವು ಹಿಂದಿರುಗಲಿಲ್ಲ. ನೀರು ಬದಲಾಯಿತು, ತಿನ್ನುವುದು ಬದಲಾಯಿತು, ತಲೆಮಾರು ಕಳೆದಂತೆ ಬಣ್ಣ, ಹಲ್ಲು, ಗಾತ್ರ ಎಲ್ಲ ಬದಲಾದವು. ಕೇರಳದ ಹೊಳೆಗಳಲ್ಲಿ ಒಂದು ಊದುಮೀನು ಇದೆ, ಬೆಳೆದರೂ ಒಂದು ಶೇಂಗಾಕಾಯಿಯಷ್ಟೇ. ದೊಡ್ಡ ಸಮುದ್ರದಲ್ಲಿ ಸೂರ್ಯಮೀನು ಅಂತ ಇದೆ, ಬಂಡಿಚಕ್ರಕ್ಕಿಂತ ದೊಡ್ಡದು, ಲಾರಿಯಲ್ಲಿ ಹೇರಬೇಕು. ಇವೆರಡೂ ದಾಯಾದಿಗಳು ಅಂದರೆ ನಂಬುತ್ತೀಯಾ? ಸೂರ್ಯಮೀನಿನ ಮರಿ ನೋಡಿದರೆ ನಂಬುತ್ತೀ. ಮುಳ್ಳುಮುಳ್ಳಿನ ಪುಟ್ಟ ಊದುಮೀನಿನ ಹಾಗೇ ಇರುತ್ತದೆ.

ಜಪಾನ್ ಸುತ್ತಿನ ಸಮುದ್ರದಲ್ಲಿ ಇತ್ತೀಚೆಗೆ ಬೇರೆಯಾದ ಜಾತಿಗಳಿವೆ. ಇತ್ತೀಚೆಗೆ ಅಂದರೆ ಲಕ್ಷ ಲಕ್ಷ ವರ್ಷ. ಅವು ಈಗಲೂ ಒಂದರ ಜೊತೆ ಒಂದು ಬೆರೆತು ಮರಿ ಮಾಡುತ್ತವೆ. ಊದುಮೀನಿಗೆ ವಿಷ ಇರುತ್ತದಲ್ಲ, ಹಾಗೆ ಬೆರೆತು ಹುಟ್ಟಿದವುಗಳ ಮೈಯಲ್ಲಿ ವಿಷ ಎಲ್ಲಿದೆ ಅಂತ ಹೇಳುವುದು ಕಷ್ಟ, ಅಷ್ಟೇ. ಇನ್ನೊಂದು ಮಾತು, ಆ ವಿಷ ಹುಟ್ಟಿನಿಂದ ಬರುವುದಲ್ಲ. ತಿಂದದ್ದರಿಂದ ಬರುವುದು.

ಹಿಂದಕ್ಕೆ ಹೋಗುತ್ತಾ ಹೋದರೆ ಎಲ್ಲರಿಗೂ ಒಬ್ಬನೇ ಅಜ್ಜ ಸಿಗುತ್ತಾನೆ ಅಜ್ಜಿ. ಹಾಗಾದರೆ ಯಾರೂ ಯಾರನ್ನೂ ಮದುವೆಯಾಗುವಂತಿಲ್ಲ. ಎಲ್ಲೋ ಒಂದು ಕಡೆ ಎಣಿಕೆ ನಿಲ್ಲಿಸಬೇಕು. ಎಲ್ಲಿ? ನನಗೂ ಓಂಕಾರನಿಗೂ ಸೇರಿದ ಆ ಅಜ್ಜನ ಹೆಸರು ಹೇಳು. ಹೇಳಿದರೆ ಕೂತು ಯೋಚಿಸುತ್ತೇನೆ.

ಅಪ್ಪ ಊಟ ಮಾಡುವ ಹಾಗೆ ನೋಡಿಕೋ.

ನಿನ್ನ ಮಿತ್ರಾ


ಜಗಳೂರು
೯ ಜುಲೈ ೨೦೨೪

ಮಿತ್ರಾ,

ಇನ್ನೂರು ಜಾತಿನಾ! ನೀರಿನೊಳಗೂ ಬಿಡಲಿಲ್ವಾ ಅದು? ನಾವೇನೋ ದಡದ ಮೇಲಿನೋರಿಗೆ ಮಾತ್ರ ಈ ಕಾಯಿಲೆ ಅಂದ್ಕೊಂಡಿದ್ವಿ. ನಾನು ಹಿಂಗಂದಿದ್ದಕ್ಕೆ ನಿಮ್ಮಪ್ಪ ಸಿಡುಕಿದ. "ಮೀನಿಗೆ ಜಾತಿ ಅನ್ನಬಾರದು, ಪ್ರಭೇದ ಅನ್ನಬೇಕು. ಇಷ್ಟು ಓದಿ ಅಷ್ಟು ಗೊತ್ತಾಗಲ್ವಾ ಅವಳಿಗೆ" ಅಂದ. ಊಟ ಬಿಟ್ಟೋನು ತಪ್ಪು ಹಿಡಿಯೋದು ಬಿಟ್ಟಿಲ್ಲ.

ಕಾಗದ ನಾನು ಓದಿ ಹೇಳೋ ಮುಂಚೆನೇ ಕಿತ್ಕೊಂಡು ನಿಂತಲ್ಲೇ ಓದಿದ. ಆಮೇಲೆ ಕೂತು ಇನ್ನೊಂದ್ಸಲ ಓದಿದ.

"ಏನಂತೀಯ?" ಅಂದೆ.

"ಅವಳು ಬರೆದಿದ್ದು ಸರಿಯಾಗೇ ಐತೆ."

"ಸರಿಯಾಗಿದ್ರೆ ಮತ್ತೆ?"

"ಅದು ಪಾಠ ಕಣವ್ವ. ಇದು ಮನೆ."

ಶಾಲೆ ಗೇಟು ದಾಟಿ ಬರಾಕೆ ಆ ವಿಜ್ಞಾನಕ್ಕೆ ಚಪ್ಪಲಿ ಇಲ್ಲ ಅಂತ ಕಾಣುತ್ತೆ. ನಾನು ಬಿಡಲಿಲ್ಲ, ಕೆದಕಿದೆ. ಆಗ ಒಳಗಿಂದು ಹೊರಗೆ ಬಂತು. ದೀಕ್ಷೆ ತಗೊಂಡ ಮೇಲೆ ಇವರಿಗೆ ಅಣ್ಣ ತಂಗಿನೂ ಒಂದೇ, ಗಂಡ ಹೆಂಡ್ತಿನೂ ಒಂದೇ ಅಂತ ಕೇರಿಯಾಗೆ ಆಡ್ಕೊಂತಾರಂತೆ. ಬುದ್ಧನ್ನ ಇಟ್ಟಾಗಿಂದ ಜನ ಇವನು ಎಲ್ಲಿ ಎಡವ್ತಾನೆ ಅಂತ ಕಾಯ್ತಾ ಅದಾರಂತೆ. ಇವನು ಬೇರೆಯೋರಿಗಿಂತ ನೆಟ್ಟಗೆ ನಡೀಬೇಕಂತೆ. ಸುಳ್ಳಲ್ಲ ಬಿಡು ಆ ಮಾತು. ನಾನೂ ಕೇಳಿದೀನಿ. ಆದ್ರೆ ಊರಿನ ಬಾಯಿಗೆ ಹೆದರಿ ನೆಟ್ಟಗೆ ನಡೆಯೋದು ಅಂದ್ರೆ ಅದೂ ಒಂದು ಕುಂಟೇ ಅಲ್ವಾ?

ಹಂಗಂತ ನೀನು ಗೆದ್ದೆ ಅಂದ್ಕೋಬೇಡ. ಮೀನು ಹೊಳೆಗೆ ಹತ್ತಿದ ಮೇಲೆ ಬೇರೆ ಆಯ್ತು ಅಂತೀಯ. ಅದು ನನಗೇನು ಹೊಸದಾ? ನಿಮ್ಮತ್ತೆ ಮಾಲಾನ್ನ ಸಂತೇಬೆನ್ನೂರಿಗೆ ಕೊಟ್ಟೆ. ಈಗ ಅವಳ ಸಾರಿಗೆ ನಮ್ಮನೆ ರುಚಿ ಇಲ್ಲ, ಅವಳ ಮಕ್ಕಳು ನನ್ನ ಮಾತಿಗೆ ಕಿಸಿಕಿಸಿ ನಗ್ತಾವೆ. ಬೇರೆ ಆಗೋದು ಎಲ್ಲರೂ ಆಗ್ತಾರೆ. ಬೇರೆ ಆದ ಮೇಲೆ ಹಳೇದು ಲೆಕ್ಕಕ್ಕಿಲ್ಲ ಅಂತ ಯಾರು ಹೇಳಿದ್ರು ನಿನಗೆ?

ಅಜ್ಜನ ಹೆಸರು ಕೇಳಿದೀಯ. ಆಗಲಿ. ಓಂಕಾರನ ದೊಡ್ಡಜ್ಜ ಚಿಕ್ಕಹನುಮಂತಪ್ಪ ಅಂತ ನ್ಯಾಮತಿಯಾಗೆ ಅದಾನೆ. ಬೆಡಗಿನ ತಲೆಮಾರನ್ನೆಲ್ಲ ಬಾಯಲ್ಲಿ ಹೇಳ್ತಾನಂತೆ. ಬಸ್ಸಿಗೆ ಹೆಂಗಸರಿಗೆ ದುಡ್ಡಿಲ್ಲ, ಸೊಂಟ ಇನ್ನೂ ಐತೆ, ನಾನೇ ಹೋಗ್ತೀನಿ. ಆ ಅಜ್ಜ ಸಿಕ್ಕಿದ್ರೆ ನೀನು ಬಾಯಿ ಮುಚ್ಚಬೇಕು.

ಸಿಗದಿದ್ರೆ ಅಂತೀಯಾ? ಸಿಗ್ತಾನೆ.

ಹಠಕ್ಕೆ ಬಿದ್ದಿರೋ,
ತಿಪ್ಪಮ್ಮ


ಸಂತೇಬೆನ್ನೂರು
೩ ಆಗಸ್ಟ್ ೨೦೨೪

ಮಿತ್ರಾ,

ನ್ಯಾಮತಿಗೆ ಹೋಗಿ ನೇರ ಮಾಲಾನ ಮನೆಗೆ ಬಂದೀನಿ. ಕಾಲು ಊದ್ಕೊಂಡವೆ, ನಿನ್ನ ಮೀನಿಗಿಂತ ಜಾಸ್ತಿ. ಕೂತು ಬರೀತೀನಿ, ಪೂರ್ತಿ ಓದು.

ಚಿಕ್ಕಹನುಮಂತಪ್ಪ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಕುಟ್ತಾ ಇದ್ದ. ಹಲ್ಲಿಲ್ಲ, ಗತ್ತಿಗೇನೂ ಕಮ್ಮಿ ಇಲ್ಲ.

"ಬಾರಮ್ಮ ಜಗಳೂರಮ್ಮ. ಮಳೆ ಹೆಂಗೈತೆ ನಿಮ್ಮ ಕಡೆ?"

"ಮಳೆ ವಿಚಾರ ಕೇಳಾಕೆ ಬಸ್ಸಿನ ಮೇಲೆ ಬಸ್ ಹತ್ತಿ ಬಂದಿಲ್ಲ ಕಣಣ್ಣ. ನಿಮ್ಮ ಅಜ್ಜಂದಿರ ಹೆಸರು ಹೇಳು, ನಮ್ಮವರದು ನಾನು ಹೇಳ್ತೀನಿ. ಎಲ್ಲಿ ಕೂಡ್ತಾರೆ ನೋಡೇಬಿಡಾನ."

ಅವನಿಗೂ ಇದೇ ಬೇಕಿತ್ತು. ಇಬ್ಬರೂ ಶುರು ಹಚ್ಕೊಂಡ್ವಿ. ಅವನು ಒಂದು ಹೆಸರು, ನಾನು ಒಂದು ಹೆಸರು. ಅವನು ಮುತ್ತಜ್ಜನ ಹೆಸರು ಹೇಳಿದ, ನಾನು ಗೋಣೆಪ್ಪ ಅಂದೆ. ಅವನು ಇನ್ನೊಂದು ಮೆಟ್ಲು ಇಳಿದ, ನಾನು ದೊಡ್ಡಣ್ಣ ಅಂದೆ. ಅವರು ಶಿಕಾರಿಪುರದ ಕಡೆಯಿಂದ ಬಂದೋರು, ನಮ್ಮೋರು ಚಿತ್ರದುರ್ಗದ ಕಡೆಯೋರು. ಇಳಿದ್ವಿ, ಇಳಿದ್ವಿ. ನನ್ನ ಹೆಸರು ಮೊದಲು ಮುಗಿದ್ವು. ಆಮೇಲೆ ಅವನವೂ ಮುಗಿದ್ವು. ಎಲ್ಲೂ ಕೂಡಲಿಲ್ಲ ಕಣೆ.

ನನಗೆ ಖುಷಿಯಾಯ್ತು. ಯಾಕೆ ಖುಷಿಯಾಯ್ತೋ, ಸಿಗಲಿ ಅಂತ ತಾನೇ ಹೋಗಿದ್ದು ನಾನು.

"ಕೂಡಲಿಲ್ಲ ಅಣ್ಣ" ಅಂದೆ.

"ನೆನಪು ಕೂಡಲಿಲ್ಲ ಅಷ್ಟೇ. ಹೆಸರು ಕೂಡ್ತಲ್ಲ. ಮೀನು ಅಂದ್ರೆ ಮೀನು."

ಅಷ್ಟೊತ್ತಿಗೆ ಕಟ್ಟೆ ಸುತ್ತ ಜನ ಸೇರಿದ್ರು. ನಾನು ಸುಮ್ನೆ ಇರಬೇಕಿತ್ತು. ನಿನ್ನ ಕಾಗದ ಸೆರಗಿನಾಗೆ ಇತ್ತು, ತೆಗೆದು ಓದಿದೆ. ಮೀನು ಸಮುದ್ರದಿಂದ ಹೊಳೆಗೆ ಹತ್ತಿದ್ದು, ಬೇರೆ ಆಗಿದ್ದು, ಶೇಂಗಾಕಾಯಿ, ಬಂಡಿಚಕ್ರ, ಎಲ್ಲ ಓದಿದೆ. ಜನ ಬಾಯಿ ತೆರಕೊಂಡು ಕೇಳಿದ್ರು. ಬೆರೆತು ಹುಟ್ಟಿದ ಮರಿಗೆ ವಿಷ ಎಲ್ಲಿರುತ್ತೆ ಅಂತ ಗೊತ್ತಾಗಲ್ಲ ಅಂತ ಬರೆದಿದ್ಯಲ್ಲ, ಅಲ್ಲಿಗೆ ಬಂದೆ ನೋಡು, ಆ ಮುದುಕ ತೊಡೆ ತಟ್ಟಿದ.

"ಕೇಳಿದ್ರೇನ್ರಪ್ಪಾ! ಕೂಡಬಾರದ್ದು ಕೂಡಿದ್ರೆ ಮರಿ ಮೈಯೆಲ್ಲ ವಿಷ! ಓದಿದ ಹುಡುಗಿನೇ ಬರ್ದಾಳೆ!"

"ಅಯ್ಯೋ ಅಣ್ಣ, ಅದು ಬೇರೆ ಬೇರೆ ಜಾತಿ ಬೆರೆತ್ರೆ. ಇಲ್ಲಿ ಇಬ್ಬರೂ ಒಂದೇ ಅಲ್ವಾ?" ಅಂದೆ.

"ಹ್ಞಾಂ! ಒಂದೇ ಅಂತ ನೀನೇ ಒಪ್ಕೊಂಡ್ಯಲ್ಲ! ಮತ್ತೆ ಮದುವೆ ಹೆಂಗೆ?"

ಬೇರೆ ಅಂದ್ರೆ ವಿಷ, ಒಂದೇ ಅಂದ್ರೆ ಪಾಪ. ನಿನ್ನ ಮೀನಿಂದ ಎರಡೂ ಕಡೆ ಒದೆ ತಿಂದೆ ನಾನು. ಆ ವಿಷದ ಸಾಲು ಬರೀದಿದ್ರೆ ನಿನ್ನ ಓದಿಗೆ ಏನು ಕಮ್ಮಿ ಆಗ್ತಿತ್ತು? ಇದ್ದಿದ್ದನ್ನೆಲ್ಲ ಬರೀಬೇಕು ಅಂತ ಯಾವ ಮೇಷ್ಟ್ರು ಕಲಿಸಿದ ನಿನಗೆ?

ಸಿಟ್ಟು ನೆತ್ತಿಗೇರ್ತು. "ಅಣ್ಣ, ಇನ್ನೂ ಒಂದು ಸಾಲು ಐತೆ. ಆ ವಿಷ ಹುಟ್ಟಿನಿಂದ ಬರಲ್ಲವಂತೆ, ತಿಂದಿದ್ದರಿಂದ ಬರುತ್ತಂತೆ. ನೀನೇನು ತಿಂದು ಹಿಂಗಾದೆ?" ಅಂದೆ.

ಜನ ಗೊಳ್ ಅಂತ ನಕ್ರು. ಅವನೂ ನಕ್ಕ, ಬಾಯಾಗಿನ ಎಲೆ ಅಡಿಕೆ ಎಲ್ಲ ಅಂಗಿ ಮೇಲೆ. ನಕ್ಕ ಮೇಲೆ ಮನುಷ್ಯ ಸ್ವಲ್ಪ ಮೆತ್ತಗಾದ. ಹತ್ರ ಕರೆದು ಹೇಳಿದ, "ತಂಗೀ, ಬೆಡಗು ಅಳಿಸಾಕೆ ಆಗಲ್ಲ. ಬದಲಿಸಾಕೆ ಆಗುತ್ತೆ. ಹಿರೇರು ಮಾಡ್ತಿದ್ರು. ಹುಡುಗಿನ್ನ ಬೇರೆ ಬೆಡಗಿನೋರ ಮಡಿಲಿಗೆ ಹಾಕು. ಅವರ ಮಗಳಾಗಿ ಧಾರೆ ಎರೀಲಿ. ನಮ್ಮ ತಕರಾರಿಲ್ಲ."

ಇದಕ್ಕೆ ಬೇಕಾಗಿರೋದು ಇಷ್ಟೇ. ಊರ ನಾಲ್ಕು ಜನ, ಎಲೆ ಅಡಿಕೆ, ಮತ್ತೆ ಹುಡುಗಿ ಅಪ್ಪ ತನ್ನ ಬಾಯಿಂದ ಒಂದು ಮಾತು ಹೇಳಬೇಕು: "ಈ ಕೂಸು ಇನ್ಮೇಲೆ ನಮ್ಮದಲ್ಲ, ನಿಮ್ಮದು."

ಮಾಲಾನ ಗಂಡ ನಿಂಗರಾಜಂದು ಹುಣಸೆ ಬೆಡಗು. ಅವರ ಮಡಿಲಿಗೆ ಹಾಕಿದ್ರೆ ಆಯ್ತು. ಇಲ್ಲಿಗೆ ಬಂದು ಇಬ್ಬರನ್ನೂ ಕೇಳಿದೆ, ಒಪ್ಪಿದಾರೆ. ಮಗನ ಮಗಳಾಗಿದ್ದೋಳು ಮಗಳ ಮಗಳಾಗ್ತೀ, ನಾನು ಆಗಲೂ ಅಜ್ಜಿನೇ, ನನ್ನಿಂದ ಬಿಡುಗಡೆ ಇಲ್ಲ. ನಿಮ್ಮಪ್ಪ ಸೋದರಮಾ​ವ ಆಗ್ತಾನೆ. ಸೋದರಮಾವನಿಗೆ ಮದುವೆಯಾಗೆ ಎಷ್ಟು ಮರ್ಯಾದೆ ಅಂತ ನಿನಗೇ ಗೊತ್ತು. ಮಗಳಲ್ಲ ಮಗಳಲ್ಲ ಅಂತ ಹೆಂಗೂ ಅಂತಾನೇ ಅದಾನೆ. ಅದನ್ನೇ ಒಂದ್ಸಲ ಎಲೆ ಅಡಿಕೆ ಹಿಡ್ಕೊಂಡು ಅಂದ್ರೆ ಮುಗೀತು.

ಈಗಲಾದ್ರೂ ಅಜ್ಜಿಗೆ ತಲೆ ಐತೆ ಅನ್ನು.

ಕಾಲು ನೀವ್ಕೊಂತಾ,
ತಿಪ್ಪಮ್ಮ


ಕಾರವಾರ
೧೭ ಆಗಸ್ಟ್ ೨೦೨೪

ಅಜ್ಜಿ,

ನೀನು ಅಷ್ಟು ದೂರ ನನಗಾಗಿ ಹೋದದ್ದು ಗೊತ್ತು. ಮಾಲತ್ತೆ, ಮಾವ ಒಪ್ಪಿದ್ದಕ್ಕೆ ಅವರ ಕಾಲಿಗೆ ಬೀಳುತ್ತೇನೆ. ಆದರೆ ಇದು ಬೇಡ.

ಅಪ್ಪ ಸಿಟ್ಟಿನಲ್ಲಿ ನೂರು ಸಲ ಆ ಮಾತು ಹೇಳಲಿ, ತಡೆದುಕೊಳ್ಳುತ್ತೇನೆ. ಸಿಟ್ಟಿನ ಮಾತು ಇಳಿಯುತ್ತದೆ. ತಣ್ಣಗೆ ಕೂತು, ಜನರ ಮುಂದೆ, ನನ್ನ ಮದುವೆ ನಡೆಯಲಿ ಅಂತ ಅವರ ಬಾಯಿಂದ ಅದನ್ನು ಹೇಳಿಸುವುದು ಬೇಡ. ಸಮುದ್ರದಿಂದ ಹೊಳೆಗೆ ಹತ್ತಿದ ಮೀನು ಹಿಂದೆ ಉಳಿದವರಿಂದ 'ನೀನು ನಮ್ಮದಲ್ಲ' ಅಂತ ಹೇಳಿಸಿಕೊಂಡು ಹೋಗಲಿಲ್ಲ. ಸುಮ್ಮನೆ ಹೋಯಿತು.

ಕಾನೂನಿನಲ್ಲಿ ಬೆಡಗು ಅನ್ನುವ ಮಾತೇ ಇಲ್ಲ. ನವೆಂಬರಿನಲ್ಲಿ ನಾವು ರಿಜಿಸ್ಟರ್ ಮದುವೆ ಮಾಡಿಕೊಳ್ಳುತ್ತೇವೆ. ಅಪ್ಪನ್ನ ಈ ಮಡಿಲ ವಿಷಯ ಕೇಳಬೇಡ. ದಯವಿಟ್ಟು ಕೇಳಬೇಡ.

ಮಿತ್ರಾ


ಜಗಳೂರು
೫ ಸೆಪ್ಟೆಂಬರ್ ೨೦೨೪

ಮಿತ್ರಾ,

ನಿನ್ನ 'ದಯವಿಟ್ಟು ಕೇಳಬೇಡ' ಬರೋ ಹೊತ್ತಿಗೆ ಕೇಳಿ ಆಗಿತ್ತು. ಅಂಚೆಯೋನಿಗೆ ಬೈ, ನನಗಲ್ಲ.

ಮಾಲಾ, ನಿಂಗರಾಜ ಇಬ್ಬರನ್ನೂ ಕರಕೊಂಡೇ ಜಗಳೂರಿಗೆ ಬಂದೆ. ಮಾತು ಕೊಡಾಕೆ ಹುಡುಗಿ ಇರಬೇಕು ಅಂತೇನಿಲ್ಲ. ಪಕ್ಕದ ಮನೆಯೋರನ್ನ ಕರೆಸಿ ಕಂಬಳಿ ಹಾಸಿ ತಟ್ಟೆಯಾಗೆ ಎಲೆ ಅಡಿಕೆ ಇಟ್ಟೆ. ನಿಮ್ಮಪ್ಪ ಶಾಲೆಯಿಂದ ಬಂದ.

"ಏನವ್ವ ಇದು?"

"ಜೂನ್ ತಿಂಗಳಿಂದ ಮಗಳಲ್ಲ ಮಗಳಲ್ಲ ಅಂತ ಬಡ್ಕೊಂತೀಯಲ್ಲ, ಅದನ್ನೇ ಇಲ್ಲಿ ಕೂತು ಒಂದ್ಸಲ ಅಂದುಬಿಡು. ಹುಡುಗಿ ಹುಣಸೆ ಬೆಡಗಿಗೆ ಹೋಗ್ತಾಳೆ, ಕೇರಿ ಬಾಯಿಗೂ ಬೀಗ ಬೀಳುತ್ತೆ. ನೀನು ಸೋದರಮಾವ ಆಗಿ ಜರಿ ಪೇಟ ಸುತ್ಕೊಂಡು ನಿಲ್ಲು."

ಬೈತಾನೆ, ಎದ್ದು ಹೋಗ್ತಾನೆ ಅಂದ್ಕೊಂಡಿದ್ದೆ. ಕೂತ. ಎಲೆ ಅಡಿಕೆ ಕೈಗೆ ತಗೊಂಡ. ನಿಂಗರಾಜ ಕೈ ಚಾಚಿದ.

"ಈ ಕೂಸು..." ಅಂದ ನಿಮ್ಮಪ್ಪ.

ನಿಂತ. ನೀರು ಕೇಳಿದ, ಪುಷ್ಪಾವತಿ ತಂದ್ಕೊಟ್ಳು, ಕುಡಿದ.

"ಈ ಕೂಸು..."

ಮತ್ತೆ ನಿಂತ. ಎಲೆ ಕೈಯಾಗೇ ಬಾಡ್ತಾ ಐತೆ. ಆಮೇಲೆ ಮಾಲಾನ ಕಡೆ ತಿರುಗಿ ಏನಂದ ಗೊತ್ತಾ? "ಅವಳಿಗೆ ಕಡಲೆಹಿಟ್ಟು ಮೈಗಾಗಲ್ಲ ಮಾಲಾ. ತಿಂದ್ರೆ ಕುತ್ತಿಗೆ ತುಂಬ ದದ್ದು ಏಳ್ತಾವೆ. ಗುಡುಗು ಬಂದ್ರೆ ಒಬ್ಬಳನ್ನೇ ಬಿಡಬೇಡ" ಅಂದ.

ಕೆಲಸಕ್ಕೆ ಸೇರೋ ವಯಸ್ಸಿನ ಹುಡುಗಿ ಬಗ್ಗೆ ಆಡೋ ಮಾತಾ ಇದು! ಅಷ್ಟಂದು ಎಲೆ ತಟ್ಟೆಗೆ ಇಟ್ಟು ಎದ್ದು ಹಿತ್ತಲಿಗೆ ಹೋದ. ಬೆಳಿಗ್ಗೆನೇ ತೊಳೆದಿದ್ದ ಬೈಕನ್ನ ಮತ್ತೆ ತೊಳೀತಾ ನಿಂತ.

ಪಾಪ, ನಿಂಗರಾಜ ಚಾಚಿದ ಕೈ ಚಾಚಿಕೊಂಡೇ ಕೂತಿದ್ದ. "ಅತ್ತೇ, ಅಂದ್ರೆ ಈಗ ಕೊಟ್ರಾ, ಕೊಡಲಿಲ್ವಾ?" ಅಂದ.

ನನಗೂ ಅದೇ ಗೊತ್ತಾಗವಲ್ದು. ಕೊಡಾಕೂ ಆಗಲ್ಲ, ಇಟ್ಕೊಳ್ಳಾಕೂ ಆಗಲ್ಲ ನಿಮ್ಮಪ್ಪಗೆ. ಹಿತ್ತಲಿಗೆ ಹೋಗಿ ಕೇಳಿದೆ, "ಅಲ್ವೋ, ನಮ್ಮದಲ್ಲ ಅನ್ನಾಕೆ ಬಾಯಿ ಬರಲಿಲ್ಲ ಅಂದ್ಮೇಲೆ ನಮ್ಮದೇ ಅಂತ ಆಯ್ತಲ್ಲ. ನಮ್ಮದಾದ್ರೆ ಹೋಗಿ ಮದುವೆಗೆ ನಿಲ್ಲು."

"ಅದೂ ಆಗಲ್ಲ."

"ಮತ್ತೇನಾಗುತ್ತೆ ನಿನ್ನ ಕೈಲಿ?"

"ಬೈಕ್ ತೊಳೆಯೋದಾಗುತ್ತೆ, ಬಿಡವ್ವ" ಅಂದ.

ನೀನೂ ಅವನೂ ಒಂದೇ ಮೂಸೆ. ಮುಟ್ಟಾಕೆ ಹೋದೋರ ಮುಂದೆ ಊದ್ಕೊಂಡು ಕೂರ್ತೀರಿ. ಅವನು ಬೇಡ ಅಂತಾನೆ, ನೀನು ಬೇಡ ಅಂತೀಯ, ನಡುವೆ ಓಡಾಡೋ ಈ ಮುದುಕಿ ಮೊಣಕಾಲಿಗೆ ಎಣ್ಣೆ ತಿಕ್ಕೋರು ಯಾರು? ನಾನು ಮೊದಲು ಅವನ ಕಡೆ ಇದ್ದೆ. ಈಗ ಯಾರ ಕಡೆನೂ ಇಲ್ಲ. ಬೆಡಗು ಹಾಳಾಗಲಿ, ನನಗೆ ಅದರ ಮೇಲಿನ ಸಿಟ್ಟಿಗಿಂತ ನಿಮ್ಮಿಬ್ಬರ ಮೇಲಿನ ಸಿಟ್ಟು ದೊಡ್ಡದಾಗೈತೆ.

ಬರೀಬೇಡ ನನಗೆ.

ತಿಪ್ಪಮ್ಮ


ಕಾರವಾರ
೨೧ ಅಕ್ಟೋಬರ್ ೨೦೨೪

ಅಜ್ಜಿ,

ಬರೀಬೇಡ ಅಂದಿದ್ದೀಯ. ಅದಕ್ಕೇ ಚಿಕ್ಕದು.

ಕಡಲೆಹಿಟ್ಟಿನ ಮಾತು ಓದಿ ಅವತ್ತು ಲ್ಯಾಬಿಗೆ ಹೋಗಲಿಲ್ಲ.

ಮದುವೆ ಹೊನ್ನಾಳಿಯ ನೋಂದಣಿ ಕಚೇರಿಯಲ್ಲಿ, ನವೆಂಬರ್ ೨೧, ಗುರುವಾರ ಬೆಳಿಗ್ಗೆ. ಅವ್ವ, ಮಾಲತ್ತೆ ಹಿಂದಿನ ದಿನವೇ ಬರುತ್ತಾರೆ. ನೀನು ಬರದಿದ್ದರೆ ನಾನು ಸಹಿ ಹಾಕುವುದಿಲ್ಲ ಅಂತ ಓಂಕಾರನಿಗೆ ಹೇಳಿದ್ದೇನೆ. ಅಪ್ಪನಿಗೆ ತಾರೀಖು ಹೇಳು. ಬಾ ಅಂತ ಹೇಳಬೇಡ, ತಾರೀಖು ಮಾತ್ರ.

ಮಿತ್ರಾ


ಜಗಳೂರು
೨೯ ನವೆಂಬರ್ ೨೦೨೪

ಮಿತ್ರಾ,

ಹೊನ್ನಾಳಿಯಾಗೆ ಹಾರ ಹಾಕ್ಕೊಂಡು ನಿಂತು "ಅಪ್ಪ?" ಅಂತ ಕೇಳಿದೆ. "ಶಾಲೆ ಐತೆ" ಅಂದೆ ನಾನು. ಹಂಗೆ ಹೇಳು ಅಂತ ಹೇಳಿದ್ದು ಅವನೇ. ಆವತ್ತಿಂದ ಅದು ಗಂಟಲಾಗೆ ಕೂತೈತೆ, ಉಗುಳಿಬಿಡ್ತೀನಿ.

ತಾರೀಖು ಹೇಳಿದ್ದೆ. ಕೇಳಿಸಿಕೊಂಡ. ಗುರುವಾರ ಬೆಳಿಗ್ಗೆ "ನಿನ್ನ ಬಸ್ ಹತ್ತಿಸಿ ಬರ್ತೀನಿ" ಅಂತ ನನ್ನ ಚೀಲ ಹಿಡ್ಕೊಂಡು ಸ್ಟ್ಯಾಂಡಿಗೆ ಬಂದ. ಬಸ್ ಹತ್ತಿಸಿದ. ಹತ್ತಿಸಿದೋನು ಇಳೀಲಿಲ್ಲ, ಪಕ್ಕದ ಸೀಟಿಗೆ ಕೂತ. "ದಾವಣಗೆರೆಯಾಗೆ ಬಸ್ ಬದಲಿಸಬೇಕು, ನಿನಗೆ ತಿಳಿಯಲ್ಲ" ಅಂದ. ಇದೇ ಬಸ್ಸಿನಾಗೆ ನಾನು ಒಬ್ಬಳೇ ನ್ಯಾಮತಿಗೆ ಹೋಗಿ ಬಂದೀನಿ, ಅದು ಅವನಿಗೆ ಮರೆತೇ ಹೋಗಿತ್ತು. ದಾವಣಗೆರೆಯಾಗೆ ಬಸ್ ಬದಲಾಯ್ತು. ಅಲ್ಲಿಂದಲೂ ವಾಪಸ್ ಹೋಗಲಿಲ್ಲ, ಆ ಬಸ್ಸಿಗೂ ಹತ್ತಿದ. ನಾನು ಕೇಳಲಿಲ್ಲ. ಕೇಳಿದ್ರೆ ಇಳಿದು ಹೋಗ್ತಾನೆ ಅಂತ ಕಿಟಕಿ ಕಡೆ ಮುಖ ಮಾಡಿ ನಿದ್ದೆ ಬಂದೋಳಂಗೆ ಕೂತೆ. ನಿದ್ದೆ ಎಲ್ಲಿಂದ ಬರ್ಬೇಕು?

ಹೊನ್ನಾಳಿ ಸ್ಟ್ಯಾಂಡಿನಾಗೆ ಇಳಿದು, "ನೀನು ಹೋಗು. ಕೇಳಿದ್ರೆ ಶಾಲೆ ಐತೆ ಅನ್ನು. ನಾನು ಇಲ್ಲೇ ಇರ್ತೀನಿ" ಅಂದ. ಕೈ ಹಿಡಿದು ಎಳೆದೆ ಕಣೆ. ಬರಲಿಲ್ಲ. ಬಡಿಯಾಕೆ ಕೈ ಎತ್ತಿದೆ. ಅಷ್ಟು ದೊಡ್ಡ ಮಗನ್ನ ಬಸ್ ಸ್ಟ್ಯಾಂಡಿನಾಗೆ ಹೆಂಗೆ ಬಡಿಯೋದು ಅಂತ ಇಳಿಸಿದೆ.

ನಿನ್ನ ಮದುವೆ ಮುಗಿಸಿ, ನಿಮ್ಮವ್ವನ್ನ ಮಾಲಾನ ಜೊತೆ ಬಿಟ್ಟು ವಾಪಸ್ ಬಂದಾಗ ಅಲ್ಲೇ ಟೀ ಅಂಗಡಿ ಬೆಂಚಿನ ಮೇಲಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೊರಡುವಾಗ ನಾನದನ್ನ ನೋಡೇ ಇರಲಿಲ್ಲ. ಅವನು ಬಸ್ ವಿಚಾರಿಸಾಕೆ ಎದ್ದು ಹೋದಾಗ ಟೀ ಅಂಗಡಿ ಹುಡುಗ ನನ್ನತ್ರ ಬಂದ. ಮಾರುತಿ ಅಂತೆ, ನಿಮ್ಮಪ್ಪನ ಹತ್ರ ಓದಿದೋನಂತೆ.

"ಅಜ್ಜಿ, ಸಾರ್ ಇಲ್ಲೇನು ಅಂತ ಕೇಳ್ದೆ. ಮಗಳ ಮದುವೆ ಐತಪ್ಪ ಅಂದ್ರು. ಎಲ್ಲಿ ಸಾರ್ ಅಂದೆ. ಅಗೋ ಅಲ್ಲಿ, ಆ ಆಫೀಸಿನಾಗೆ ಅಂತ ತೋರಿಸಿದ್ರು. ಹಂಗಾದ್ರೆ ನೀವ್ಯಾಕೆ ಇಲ್ಲಿ ಕೂತಿದೀರಿ ಸಾರ್ ಅಂದೆ. ಇನ್ನೊಂದು ಟೀ ಕೊಡು ಅಂದ್ರು."

ಮಗಳ ಮದುವೆ ಅಂದಿದ್ದಾನೆ ನೋಡು. ಯಾರಿಗೆ? ಟೀ ಮಾರೋನಿಗೆ. ನೀನು ಕೂಗಿದ್ರೆ ಕೇಳಿಸೋವಷ್ಟು ದೂರದಾಗೆ ಕೂತು. ಬಾಯಿ ಬಂತು, ಕಾಲು ಬರಲಿಲ್ಲ. ಇಂಥ ಮಗನ್ನ ಹೆತ್ತಿದ್ದಕ್ಕೆ ಹೊಟ್ಟೆ ಉರಿಯುತ್ತೆ. ಅವನ ಮುಖ ನೋಡಿದ್ರೆ ಬೈಯಾಕೂ ಆಗಲ್ಲ, ಅದಕ್ಕೆ ಇನ್ನೂ ಉರಿಯುತ್ತೆ.

ಇಷ್ಟು ಓದಿ ಅಪ್ಪನ್ನ ನೋಡಾಕೆ ಹೊರಟು ನಿಂತಿದ್ರೆ ತಡಿ, ಇನ್ನೊಂದು ಕೇಳು. ನಿನ್ನೆ ನಾನು ಕಾಗದ ತೆಗೆದಿದ್ದು ನೋಡಿದ. ಯಾರಿಗೆ ಅಂತ ಕೇಳಲಿಲ್ಲ. ಆ ಕಡೆ ಈ ಕಡೆ ಓಡಾಡಿದ. ಆಮೇಲೆ ಬಾಗಿಲ ಚೌಕಟ್ಟು ಹಿಡ್ಕೊಂಡು, "ಆ ಊದುಮೀನಿಗೆ ಪಕ್ಕೆಲುಬು ಇಲ್ಲವಂತಲ್ಲ, ಮುಂಚೆ ಇದ್ದು ಹೋದ್ವಾ ಹೆಂಗೆ, ಕೇಳಿ ಬರಿ. ಕ್ಲಾಸಿಗೆ ಬೇಕು" ಅಂದ.

ಕ್ಲಾಸಿಗಂತೆ. ಅವನ ಕ್ಲಾಸಿನಾಗೆ ಊದುಮೀನಿನ ಪಾಠ ಇಲ್ಲ, ನಾನು ಪುಸ್ತಕ ತಿರುವಿ ನೋಡಿದೆ.

ಉತ್ತರ ನನಗೆ ಬರೀಬೇಡ. ನಾನು ನಿಮ್ಮಿಬ್ಬರ ಅಂಚೆಯೋಳಲ್ಲ. ಲಕೋಟೆ ಮೇಲೆ ಅವನ ಹೆಸರು ಬರಿ, ಪೂರ್ತಿ ಹೆಸರು, ಶಾಲೆ ವಿಳಾಸ. ಉದ್ದ ಬರಿ. ವಿಷದ ಸಾಲೂ ಇರಲಿ, ತಪ್ಪಿದ್ರೆ ತಿದ್ದಿ ವಾಪಸ್ ಕಳಿಸ್ತಾನೆ.

ತಿಪ್ಪಮ್ಮ